ಗೃಹಸ್ಥರ ಮೋಟಾರು ಬಂಡಿ: ಸ್ಪ್ರಿಂಗಿನ ವಿಚಾರ

ಬಂಡಿಯ ಎಂಜಿನ್ನಿನ ವಿಷಯದಲ್ಲಿ ಗೃಹಸ್ಥರು ತೋರುವ ಎಚ್ಚರಿಕೆಯನ್ನು ಅದರ ಸ್ಪ್ರಿಂಗುಗಳ ವಿಷಯದಲ್ಲಿ ತೋರುವುದು ವಿರಳ. ಎಂಜಿನ್ನು ಕೆಟ್ಟರೆ ಬಂಡಿ ನಿಲ್ಲುತ್ತದೆ. ಸ್ಪ್ರಿಂಗು ಕೆಟ್ಟರೆ ಬಂಡಿ ಓಡುತ್ತಲೇ ಇರುತ್ತದೆ. ಕೆಡುವುದು ಒಳಗೆ ಕುಳಿತವರ ಬೆನ್ನು. ಇದನ್ನು ನಾವು ಪುಸ್ತಕದಿಂದ ಕಲಿತವರಲ್ಲ.

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ನಮ್ಮ ಹಿರಿಯರ ಮನೆಯಿದೆ. ಎಪ್ಪತ್ತು ದಾಟಿದ ನಮ್ಮ ತಾಯಿಯವರನ್ನು ಬೆನ್ನುನೋವಿನ ಚಿಕಿತ್ಸೆಗಾಗಿ ತಿಂಗಳಿಗೆ ಎರಡಾವರ್ತಿ ದಾವಣಗೆರೆಗೆ ಕರೆದೊಯ್ಯಬೇಕಾಗಿದ್ದಿತು. ಬಂಡಿ ಎಂಟು ವರ್ಷದ್ದು. ಊರೂರಿನ ಬಾಗಿಲಲ್ಲಿರುವ ರಸ್ತೆಯುಬ್ಬುಗಳಿಗೆ ಅದರ ಹೊಟ್ಟೆ ತಗಲುತ್ತಿದ್ದಿತು. (ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನವರು 1988ರಲ್ಲಿ ವಿಧಿಸಿದಂತೆ ಉಬ್ಬಿನ ಎತ್ತರ 10 ಸೆಂಟಿಮೀಟರು, ಅಗಲ 3.7 ಮೀಟರು ಇರತಕ್ಕದ್ದು. ನಮ್ಮ ಕಡೆಯ ಉಬ್ಬುಗಳನ್ನು ಕಟ್ಟಿದವರು ಅದನ್ನು ಓದಿದಂತೆ ಕಾಣಲಿಲ್ಲ.) ಗ್ಯಾರೇಜಿನವರೊಬ್ಬರು ಸ್ಪ್ರಿಂಗಿನ ಸುತ್ತುಗಳ ನಡುವೆ ದಪ್ಪ ರಬ್ಬರು ತುಂಡುಗಳನ್ನು ಸಿಕ್ಕಿಸಿ ಬಂಡಿಯನ್ನು ಎತ್ತರಿಸಿಕೊಟ್ಟರು. ಉಬ್ಬುಗಳ ತಂಟೆ ತಪ್ಪಿತೆಂದು ನಾವು ಹಿಗ್ಗಿದೆವು. ಮುಂದಿನ ಪ್ರಯಾಣದಲ್ಲಿ ತಾಯಿಯವರು ದಾರಿಯುದ್ದಕ್ಕೂ ಮಾತನಾಡಲಿಲ್ಲ. ಇಳಿಯುವಾಗ, "ನಿನ್ನ ಗಾಡಿ ಎತ್ತರ ಆತಪ್ಪ, ನನ್ನ ಸೊಂಟ ಉಳೀಲಿಲ್ಲ. ಬರೋ ಸಾರಿ ಬಸ್ಸಿಗೇ ಹೋಗೋಣ" ಎಂದರು. ಬಂಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಎರಡು ಸಲ ನಾವು ಅವರೊಡನೆ ಬಸ್ಸು ಹತ್ತಿದೆವು.

ಆಮೇಲೆ ವಿಚಾರಿಸಲಾಗಿ ತಿಳಿದುದೇನೆಂದರೆ, ಬಂಡಿಯ ಭಾರವನ್ನು ಹೊರುವುದು ಸ್ಪ್ರಿಂಗು. ಅದರ ಕುಣಿತವನ್ನು ಅಡಗಿಸುವುದು ಷಾಕ್ ಅಬ್ಸಾರ್ಬರು. ಒಂದರ ಕೆಲಸವನ್ನು ಮತ್ತೊಂದು ಮಾಡಲಾರದು. ಬಂಡಿಯ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ಮೇಲೆಕೆಳಗೆ ತೂಗಿದರೆ ದೇಹಕ್ಕೆ ಹಿತ. ಕುಳಿತವರನ್ನು ಹೆಚ್ಚು ಬಾಧಿಸುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅದುರು. ರಬ್ಬರು ತುಂಡು ಸಿಕ್ಕಿದ ಸುತ್ತುಗಳು ಕುಗ್ಗಲಾರವು. ಉಳಿದ ಕೆಲವೇ ಸುತ್ತುಗಳು ದುಡಿಯುವುದರಿಂದ ಸ್ಪ್ರಿಂಗು ಬಿರುಸಾಗಿ, ಸಣ್ಣ ಕಲ್ಲಿನ ಪೆಟ್ಟೂ ಆಸನಕ್ಕೆ ಮುಟ್ಟುತ್ತದೆ. ಸರಕು ಹೊರುವ ಗಾಡಿಗೆ ಹೆಚ್ಚಿನ ಉಕ್ಕಿನ ಪಟ್ಟಿ ಕಟ್ಟಿಸಿದಾಗ ಅದು ಬರಿದಾಗಿ ಬರುವಾಗ ಕುಪ್ಪಳಿಸುವುದೂ ಇದೇ ಕಾರಣದಿಂದಲೇ.

ತುಂಡುಗಳನ್ನು ತೆಗೆಸಿ ನೋಡಿದಾಗ ನಿಜವಾದ ದೋಷ ಹೊರಬಿದ್ದಿತು. ಹಿಂದಿನ ಎರಡು ಅಬ್ಸಾರ್ಬರುಗಳಿಂದಲೂ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದಿತು. ಮುಂಭಾಗದ ರಬ್ಬರು ಬುಷ್ಷುಗಳು ಬಿರಿದಿದ್ದವು. ಇವೆಲ್ಲಕ್ಕಿಂತ ನಾಚಿಕೆಯ ಸಂಗತಿ, ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದುದಕ್ಕಿಂತ ಬಹಳ ಹೆಚ್ಚು ಗಾಳಿಯನ್ನು ನಾವು ಚಕ್ರಗಳಿಗೆ ಹಿಡಿಸಿದ್ದೆವು. ಒಂದು ಕಾಸಿನ ಖರ್ಚಿಲ್ಲದೆ ಸರಿಪಡಿಸಬಹುದಾದ ತಪ್ಪು ಇದು. ಆದಕಾರಣ ಹೊಸ ಸಾಮಾನು ಕೊಳ್ಳುವ ಮುನ್ನ, ಬೆಳಗ್ಗೆ ಚಕ್ರ ತಣ್ಣಗಿರುವಾಗ ಗಾಳಿಯನ್ನು ಅಳೆಯಿಸತಕ್ಕದ್ದು.

ಕೊಳ್ಳಲೇಬೇಕಾದಲ್ಲಿ, ಆಯಾ ಬಂಡಿಗೆಂದೇ ಮಾಡಿದ, ಮೂಲದಷ್ಟೇ ಎತ್ತರದ, ಮೂಲದಷ್ಟೇ ಮೃದುವಾದ ಜೋಡಿಯನ್ನು ಆರಿಸುವುದು ಕ್ಷೇಮ. 1961ರಲ್ಲಿ ಆರಂಭವಾದ ಗೇಬ್ರಿಯಲ್ ಮೊದಲಾದ ಕಾರಖಾನೆಗಳವರ ಸಾಮಾನು ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ. ದುಬಾರಿಯಾದುದೆಲ್ಲ ಹಿತವೆಂದು ಬಗೆಯಬಾರದು. ಜರ್ಮನಿಯ ಬಿಲ್‌ಸ್ಟೈನ್ ಕಂಪೆನಿಯವರ ಬಿ4 ಎಂಬುದು ಮೂಲದ ಬದಲಿಗೆ ಹಾಕುವಂಥದು. ಬಿ6 ಎಂಬುದು ಅದಕ್ಕಿಂತ ಬಿಗಿ, ವೇಗಪ್ರಿಯರಿಗೆ ಮೆಚ್ಚು. ತಿರುಪು ತಿರುಗಿಸಿ ಎತ್ತರವನ್ನೂ ಬಿಗಿಯನ್ನೂ ಬದಲಿಸುವ ಅಬ್ಸಾರ್ಬರುಗಳನ್ನು ತರುಣರು ಕೊಂಡಾಡುತ್ತಾರೆ. ಸಂಸಾರಸ್ಥರಿಗೆ ಅವು ಬೇಕಿಲ್ಲವೆಂದು ನಮ್ಮ ಅಭಿಪ್ರಾಯ. ಅಂದಕ್ಕಾಗಿ ದೊಡ್ಡ ಗಾಲಿಗೆ ತೆಳುವಾದ ಟೈರು ಹಾಕಿಸುವವರು ಗಾಳಿಯೆಂಬ ಅಗ್ಗದ ಸ್ಪ್ರಿಂಗನ್ನೇ ಕಳೆದುಕೊಳ್ಳುತ್ತಾರೆ. ಬಂಡಿಯ ಮೂಲ ರಚನೆಯನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ನಿರ್ಬಂಧವೂ ಉಂಟು.

ಜೋಡಿಸುವಾಗ ಎದುರಿಗೆ ನಿಂತು ನೋಡಬೇಕಾದುದು ಒಂದಿದೆ. ಬುಷ್ಷುಗಳ ಬೋಲ್ಟನ್ನು ಬಂಡಿ ಜಾಕಿನ ಮೇಲೆ ಕಾಲು ಇಳಿಬಿಟ್ಟಿರುವಾಗ ಪೂರ್ತಿ ಬಿಗಿದರೆ, ಕೆಳಗಿಳಿಸಿದೊಡನೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಚಕ್ರದ ಮೇಲೆ ಭಾರ ಬಿದ್ದ ಬಳಿಕವೇ ಕೊನೆಯ ಬಿಗಿ ಕೊಡಿಸಬೇಕು. ಒಂದು ಕಡೆಯದು ಮಾತ್ರ ಸೋರಿದ್ದರೂ ಎಡಬಲ ಎರಡನ್ನೂ ಬದಲಿಸಿ, ಆ ಬಳಿಕ ಚಕ್ರಗಳ ನೇರವನ್ನು ಪರೀಕ್ಷಿಸಿಸತಕ್ಕದ್ದು.

ಇಷ್ಟಾದ ಮೇಲೆ ತಾಯಿಯವರನ್ನು ಒಪ್ಪಿಸುವುದೇ ಕಷ್ಟವಾಯಿತು. ಮೊದಲು ಜಗಳೂರಿನವರೆಗೆ ಮಾತ್ರ ಎಂದು ಹತ್ತಿದರು; ಅಲ್ಲಿ ಇಳಿಯುವ ಮಾತೆತ್ತಲಿಲ್ಲ. ಬಿಳಿಚೋಡು ಬರುವ ಹೊತ್ತಿಗೆ ಹಿಂದಿನ ಆಸನದಲ್ಲಿ ನಿದ್ರೆ ಹೋಗಿದ್ದರು. ಉಬ್ಬುಗಳಿಗೆ ಹೊಟ್ಟೆ ಈಗಲೂ ಒಮ್ಮೊಮ್ಮೆ ತಗಲುವುದುಂಟು. ಅಲ್ಲಿ ನಾವು ನಿಧಾನವಾಗಿ, ಓರೆಯಾಗಿ ದಾಟಿಸುತ್ತೇವೆ.