ಪಾಚಿಯ ಅಪರಾಧವೇನು?

ಮನೆಯಲ್ಲಿ ಹವಳದ ಕಡಲತೊಟ್ಟಿ ಇಟ್ಟವರ ಪ್ರಥಮ ದೂರು ಪಾಚಿಯ ಮೇಲೆ. ಮೊದಲು ಕಂದುಬಣ್ಣದ ಡಯಾಟಮ್, ಅನಂತರ ಕೂದಲಿನಂತಹ ಹಸಿರು ಪಾಚಿ, ಕೆಲವೆಡೆ ಕೆಂಪು ಲೋಳೆಯಂತಹ ಸಯನೋಬ್ಯಾಕ್ಟೀರಿಯಾ. ಕಂಡೊಡನೆ ಬಸವನಹುಳು, ಸನ್ಯಾಸಿ ಏಡಿಗಳನ್ನು ‘ಶುಚಿ ಮಾಡುವ ಪಡೆ’ ಎಂದು ಕೊಂಡು ತಂದು ಸುರಿಯುವುದು ರೂಢಿ. ಈ ರೂಢಿ ವಿವೇಕಕ್ಕೂ ಧರ್ಮಕ್ಕೂ ವಿರುದ್ಧವಾದುದು.

ಪಾಚಿಯು ಕಾರಣವಲ್ಲ, ಕಾರ್ಯ. ಅಮೋನಿಯಾವನ್ನು ನೈಟ್ರೈಟ್, ನೈಟ್ರೇಟ್‌ಗಳಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟು ತಾಳ್ಮೆಯಿಲ್ಲದೆ ಮೀನು ತುಂಬುವವರಿದ್ದಾರೆ. ನಲ್ಲಿನೀರಿನ ಸಿಲಿಕೇಟು, ಅತಿಯಾದ ಆಹಾರದ ಫಾಸ್ಫೇಟು, ಹಗಲಿರುಳು ಉರಿಯುವ ದೀಪ: ಇವು ತೊಟ್ಟಿಯ ಯಜಮಾನನೇ ಬರೆದ ಲೆಕ್ಕ, ಪಾಚಿ ಅದರ ಬಾಕಿ ಮಾತ್ರ.

“ಹುಳುವಿಗೆ ಪಾಚಿಯೇ ಆಹಾರವಲ್ಲವೆ?” ಎಂಬ ವಾದವುಂಟು. ಪಾಚಿ ತೀರಿದ ಮರುದಿನ ಅದಕ್ಕೆ ಆಹಾರವೇನು? ಹಸಿದು ಸತ್ತ ಹುಳು ಕೊಳೆತು ಮತ್ತೆ ಅಮೋನಿಯಾ ಆಗುತ್ತದೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಬಂಧವನ್ನು ಮೊದಲು, ಅನ್ನಪಾನನಿರೋಧವನ್ನು ಕೊನೆಯಲ್ಲಿ ಎಣಿಸಿದೆ. ಈ ತೊಟ್ಟಿಯಲ್ಲಿ ಎರಡೂ ಕೂಡಿವೆ. ತಾಮ್ರದ ಔಷಧವಂತೂ ಹುಳುವನ್ನೂ ಹವಳವನ್ನೂ ಒಟ್ಟಿಗೆ ಕೊಲ್ಲುತ್ತದೆ.

ಪಾಚಿಯೂ ಏಕೇಂದ್ರಿಯ ಜೀವವೇ. ಬೆಳೆಸಿ ಕೊಲ್ಲುವುದಕ್ಕಿಂತ ಬೆಳೆಯದಂತೆ ನೋಡಿಕೊಳ್ಳುವುದು ಲೇಸು. ತೊಟ್ಟಿ ಈಗಾಗಲೇ ಇದ್ದವರು ಆರ್.ಓ. ಶುದ್ಧೀಕರಿಸಿದ ನೀರನ್ನೇ ಬಳಸಲಿ, ದೀಪವನ್ನು ದಿನಕ್ಕೆ 8 ಗಂಟೆಗೆ ಇಳಿಸಲಿ, ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಲಿ, ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸಲಿ, ಬಳಿಕ ಕಾಯಲಿ. ಇನ್ನೂ ಕೊಳ್ಳದವರು ಕೊಳ್ಳದಿರಲಿ. ಸಮುದ್ರವನ್ನು ಗಾಜಿನಲ್ಲಿ ಬಂಧಿಸುವ ಆಸೆಯೇ ಪರಿಗ್ರಹ. ಅದಕ್ಕೆ ಮಿತಿ ಹಾಕಿಕೊಳ್ಳುವುದೇ ಶ್ರಾವಕನ ವ್ರತ.