ಬೇರುಗಂಟಿನ ಜೀವಿಯನ್ನು ಸೋಮಾರಿ ಮಾಡುವವರು ಯಾರು?

ಸೋಯಾಅವರೆ ಬಿತ್ತಿ ತಿಂಗಳಾಗುವಷ್ಟರಲ್ಲಿ "ಎಲೆ ಯಾಕೋ ತಿಳಿಯಾಗಿದೆ, ಒಂದಿಷ್ಟು ಯೂರಿಯಾ ಎರಚಿಬಿಡೋಣ" ಎನ್ನುವ ರೈತರನ್ನು ಪ್ರತಿ ಮುಂಗಾರಿನಲ್ಲೂ ಕಾಣುತ್ತೇನೆ. ಕೆಲವೇ ದಿನಗಳಲ್ಲಿ ಹೊಲ ಹಸಿರಾಗುತ್ತದೆ, ಮನಸ್ಸಿಗೂ ಸಮಾಧಾನವಾಗುತ್ತದೆ. ಆದರೆ ಅದೇ ಹೊತ್ತಿಗೆ ನೆಲದೊಳಗೆ ಏನಾಗುತ್ತದೆಂಬುದನ್ನು ರೈತ ಬಾಂಧವರು ಗಮನಿಸಬೇಕು.

ದ್ವಿದಳ ಬೆಳೆಗಳ ಬೇರುಗಂಟಿನಲ್ಲಿ ರೈಜೋಬಿಯಂ ಅಣುಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುದು ನಿಮಗೆ ತಿಳಿದದ್ದೇ. ಗಿಡ ಪ್ರತಿಯಾಗಿ ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಉಣಿಸುತ್ತದೆ. ಇದು ಧರ್ಮದ ಊಟವಲ್ಲ, ಕೊಟ್ಟು ತೆಗೆದುಕೊಳ್ಳುವ ವ್ಯವಹಾರ. 2003ರಲ್ಲಿ ಟೋಬಿ ಕಿಯರ್ಸ್ ಮತ್ತು ಸಂಗಡಿಗರು ಸೋಯಾಅವರೆಯ ಬೇರುಗಂಟುಗಳಿಗೆ ಸಾರಜನಕ ಬಹುತೇಕ ಇಲ್ಲದ ಗಾಳಿಯನ್ನು ಹಾಯಿಸಿ ನೋಡಿದರು. ಸಾರಜನಕ ಕೊಡಲಾಗದ ಆ ಗಂಟುಗಳಲ್ಲಿ ಜೀವಿಗಳ ವಂಶವೃದ್ಧಿ ಸುಮಾರು ಅರ್ಧಕ್ಕೆ ಇಳಿಯಿತು. ಅಂದರೆ ಕೆಲಸಗಳ್ಳರನ್ನು ಗಿಡವೇ ದಂಡಿಸುತ್ತದೆ.

ಮಣ್ಣಿನಲ್ಲಿ ಪುಕ್ಕಟೆ ಸಾರಜನಕ ಸಿಕ್ಕರೆ ಗಿಡಕ್ಕೆ ಈ ಆಳುಗಳ ಅಗತ್ಯವೇ ಕಡಿಮೆಯಾಗುತ್ತದೆ. ಗಂಟುಗಳು ಕಡಿಮೆಯಾಗುತ್ತವೆ, ಒಳ್ಳೆಯ ದುಡಿಮೆಗಾರನಿಗೆ ಹೆಚ್ಚು ಕೂಲಿ ಸಿಗುವುದಿಲ್ಲ. ಹೀಗೆ ವರ್ಷಗಳು ಕಳೆದರೆ ಏನಾದೀತು? ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 22 ವರ್ಷ ಸಾರಜನಕ ಗೊಬ್ಬರ ಹಾಕಿದ ತಾಕುಗಳಿಂದಲೂ ಹಾಕದ ತಾಕುಗಳಿಂದಲೂ ರೈಜೋಬಿಯಂ ತೆಗೆದು, ನಮ್ಮ ಬರ್ಸೀಮ್ ಮೇವಿನ ಬಳಗದ ಕ್ಲೋವರ್ ಗಿಡಗಳಿಗೆ ಕೊಟ್ಟು ಬೆಳೆಸಿದರು. ಗೊಬ್ಬರದ ತಾಕಿನ ಜೀವಿಗಳನ್ನು ಪಡೆದ ಗಿಡಗಳ ಬೆಳವಣಿಗೆ ಶೇಕಡಾ 17ರಿಂದ 30ರಷ್ಟು ಕಡಿಮೆಯಾಗಿತ್ತು. ಈ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮಿಷಿಗನ್ನಿನ ಚಳಿಯ ನೆಲವೇ ಬೇರೆ, ಬೀದರಿನ ಎರೆಭೂಮಿಯೇ ಬೇರೆ, ಒಪ್ಪುತ್ತೇನೆ. ಆದರೆ ಕೂಲಿಯ ಲೆಕ್ಕಾಚಾರ ಎರಡೂ ಕಡೆ ಒಂದೇ.

ಇಲ್ಲಿ ತಪ್ಪು ರೈತರದೊಂದೇ ಅಲ್ಲ. ನಾವು ವಿಜ್ಞಾನಿಗಳು ತಳಿ ಆಯ್ಕೆ ಮಾಡುವುದು ಸಾಮಾನ್ಯವಾಗಿ ಗೊಬ್ಬರ ಉಂಡ ತಾಕಿನಲ್ಲಿ. ನಾನೂ ಎಷ್ಟೋ ಪ್ರಯೋಗಗಳಲ್ಲಿ ಕಾಯಿ ಎಣಿಸಿದ್ದೇನೆಯೇ ಹೊರತು ಬೇರು ಕಿತ್ತು ನೋಡಿಲ್ಲ. 2007ರಲ್ಲಿ ಹಳೆಯ ಮತ್ತು ಹೊಸ ಸೋಯಾ ತಳಿಗಳನ್ನು ಹೋಲಿಸಿದಾಗ, ಒಳ್ಳೆಯ ಮತ್ತು ಕೆಟ್ಟ ರೈಜೋಬಿಯಂ ಬೆರೆತಿರುವಲ್ಲಿ ಹಳೆಯ ತಳಿಗಳೇ ಹೆಚ್ಚು ಚೆನ್ನಾಗಿ ನಿಭಾಯಿಸಿದವು. ಆದುದರಿಂದ ತಳಿ ಪರೀಕ್ಷೆಯಲ್ಲಿ ಸಾರಜನಕ ಹಾಕದ ಒಂದು ತಾಕು ಕಡ್ಡಾಯವಾಗಿರಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬೆಳೆಯಿಂದ ಬೆಳೆಗೆ ವ್ಯತ್ಯಾಸವೂ ಉಂಟು. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದರೂ ಅಲಸಂದೆಯ ಬೇರಿನ ಜೀವಿಗಳೊಡನೆ ಹೊಂದಿಕೊಂಡಿತು. ಚೀನಾದ ಕಡೆಯಿಂದ ಬಂದ ಸೋಯಾಅವರೆ ಹಾಗಲ್ಲ, ಅದಕ್ಕೆ ತನ್ನದೇ ರೈಜೋಬಿಯಂ ಬೇಕು. ಹೊಸದಾಗಿ ಸೋಯಾ ಬಿತ್ತುವ ಹೊಲದಲ್ಲಿ ಬೀಜೋಪಚಾರ ತಪ್ಪಿಸಬಾರದು: ಆ ಬೆಳೆಗೆಂದೇ ಇರುವ, ಅವಧಿ ಮುಗಿಯದ ಪೊಟ್ಟಣ ತಂದು, ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ ಬಿತ್ತಬೇಕು. ಬಿತ್ತುವಾಗ ಶಿಫಾರಸಿನ ಅಲ್ಪ ಸಾರಜನಕ ಕೊಡುವುದಕ್ಕೆ ನನ್ನ ಆಕ್ಷೇಪಣೆಯಿಲ್ಲ.

ಮೇಲುಗೊಬ್ಬರವಾಗಿ ಯೂರಿಯಾ ಎರಚುವ ಮುನ್ನ ನಾಲ್ಕಾರು ಗಿಡಗಳನ್ನು ಮಣ್ಣು ಸಮೇತ ಅಗೆದು ಗಂಟುಗಳನ್ನು ಉಗುರಿನಿಂದ ಸೀಳಿ ನೋಡಿರಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಆಳುಗಳು ಕೆಲಸದಲ್ಲಿದ್ದಾರೆ, ಚೀಲದ ಬಾಯಿ ಬಿಚ್ಚಬೇಡಿರಿ.