ಮಕ್ಕಳಿಗೆ ‘ಪ್ರಕೃತಿ’ಯ ಹಣೆಪಟ್ಟಿ

ಉಪಾಧ್ಯಾಯರ ಕೊಠಡಿಗಳಲ್ಲಿ ಕೇಳಿಬರುವ ಒಂದು ಮಾತನ್ನು ಇಲ್ಲಿ ಖಂಡಿಸಬೇಕಾಗಿದೆ. “ಆ ಹುಡುಗನದು ಕಫಪ್ರಕೃತಿ, ಮಂದ, ಈ ಹುಡುಗಿಯದು ವಾತ, ಒಂದೆಡೆ ಕುಳಿತಿರಳು, ಇನ್ನೊಬ್ಬನದು ಪಿತ್ತ, ಮುಂಗೋಪಿ” ಎಂದು ತರಗತಿಯನ್ನು ಮೂರು ಪಾಲು ಮಾಡಿ ನಿಶ್ಚಿಂತರಾಗುವ ಮಾತು ಅದು. ಆಡುವವರು ಆಯುರ್ವೇದದ ಹೆಸರು ಹೇಳುತ್ತಾರೆ. ಹೇಳುವವರಲ್ಲಿ ಎಷ್ಟು ಮಂದಿ ಆ ಗ್ರಂಥಗಳ ಪುಟ ತೆರೆದಿದ್ದಾರೋ!

ಪ್ರಕೃತಿಗೊಂದು ಸ್ವಭಾವವರ್ಣನೆ ಶಾಸ್ತ್ರದಲ್ಲಿ ಇರುವುದು ನಿಜ. ಕಫಪ್ರಕೃತಿಯವನು ಕಾರ್ಯಾರಂಭದಲ್ಲಿ ನಿಧಾನಿಯೆಂದು ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯ ಹೇಳುತ್ತದೆ. ಆದರೆ ಅಲ್ಲಿಯೇ ಅವನು ಬಲಶಾಲಿ, ವಿದ್ಯಾವಂತ, ಶಾಂತ, ದೀರ್ಘಾಯು ಎಂದೂ ಹೇಳಿದೆ. ನಮ್ಮವರಿಗೆ ಮೊದಲನೆಯದು ಮಾತ್ರ ನೆನಪಿನಲ್ಲಿ ಉಳಿಯಿತು, ‘ವಿದ್ಯಾವಂತ’ನೆಂಬುದು ಮರೆತುಹೋಯಿತು. ಅದೇ ಅಧ್ಯಾಯದಲ್ಲಿ ರೋಗಿಯ ಪರೀಕ್ಷೆಗೆ ಹತ್ತು ವಿಷಯಗಳನ್ನು ವಿಧಿಸಿದೆ. ವಿಕೃತಿ, ದೇಹದ ಅಳತೆ, ಒಗ್ಗಿದ ಆಹಾರ, ಮನೋಬಲ, ಜೀರ್ಣಶಕ್ತಿ, ವಯಸ್ಸು ಇವೆಲ್ಲ ಆ ಹತ್ತರಲ್ಲಿ ಸೇರಿವೆ. ಪ್ರಕೃತಿ ಅವುಗಳಲ್ಲಿ ಒಂದು ಮಾತ್ರ. ಒಂಬತ್ತನ್ನು ಬಿಟ್ಟು ಒಂದನ್ನೇ ಹಿಡಿದು ತೀರ್ಪು ಕೊಡುವ ಅಧಿಕಾರ ವೈದ್ಯನಿಗೇ ಇಲ್ಲದಿರುವಾಗ ಗಣಿತದ ಮೇಷ್ಟರಿಗೆ ಎಲ್ಲಿಂದ ಬಂತು?

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ವಿಮಾನಸ್ಥಾನದ 6ನೆಯ ಅಧ್ಯಾಯದಲ್ಲಿ ‘ವಾತಪ್ರಕೃತಿ’ ‘ಪಿತ್ತಪ್ರಕೃತಿ’ ಎಂಬ ಪದಗಳಿಗೇ ಆಕ್ಷೇಪವೆತ್ತಲಾಗಿದೆ. ವಾತ ಪಿತ್ತ ಕಫಗಳು ಸಮವಾಗಿರುವುದೇ ಆರೋಗ್ಯ, ಆರೋಗ್ಯವೇ ಪ್ರಕೃತಿ. ಒಂದು ದೋಷ ಹೆಚ್ಚಿದವನನ್ನು ಪ್ರಕೃತಿಸ್ಥನೆನ್ನುವುದು ಹೇಗೆ ಎಂಬುದು ಅಲ್ಲಿನ ವಾದ. ಸುಶ್ರುತನು ಇನ್ನೊಂದು ಬಗೆಯಾಗಿ ಹೇಳುತ್ತಾನೆ: ವಿಷದಲ್ಲಿ ಹುಟ್ಟಿದ ಹುಳುವನ್ನು ಆ ವಿಷ ಕೊಲ್ಲದಂತೆ, ಹುಟ್ಟಿನಿಂದ ಬಂದ ಪ್ರಕೃತಿ ದೇಹವನ್ನು ಬಾಧಿಸದು. ಆಚಾರ್ಯರಲ್ಲೇ ಹೀಗೆ ಚರ್ಚೆಯಿದ್ದ ವಿಷಯವನ್ನು ನಾವು ಜಾತಕದಂತೆ ಓದಿಬಿಡುತ್ತೇವೆ.

ದೋಷಗಳಾದರೂ ಒಂದೆಡೆ ನಿಲ್ಲುವಂಥವಲ್ಲ. ಬಾಲ್ಯದಲ್ಲಿ ಕಫ, ನಡುವಯಸ್ಸಿನಲ್ಲಿ ಪಿತ್ತ, ಮುಪ್ಪಿನಲ್ಲಿ ವಾತ ಪ್ರಬಲ. ಈ ಲೆಕ್ಕದಲ್ಲಿ ಶಾಲೆಯ ಮಕ್ಕಳೆಲ್ಲರೂ ಕಫದವರೇ ಆಗಬೇಕಲ್ಲ! ಬೇಸಗೆಯಲ್ಲಿ ಸಂಚಯವಾದ ವಾತ ಮಳೆಗಾಲದಲ್ಲಿ ಕೆರಳುತ್ತದೆ, ಮಳೆಗಾಲದ ಪಿತ್ತ ಶರತ್ತಿನಲ್ಲಿ. ಕೇರಳದ ವೈದ್ಯರು ತಲೆಯ ಮೇಲಿಟ್ಟುಕೊಂಡ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಋತುಚರ್ಯೆಗೆಂದೇ ಒಂದು ಅಧ್ಯಾಯವಿದೆ. ನಮ್ಮ ಕಾಸರಗೋಡಿನ ಮನೆಗಳಲ್ಲಿ ಆಟಿ ಅಮಾವಾಸ್ಯೆಯ ಮುಂಜಾನೆ ಪಾಲೆ ಮರದ ಕೆತ್ತೆಯ ಕಹಿ ಕಷಾಯವನ್ನು ಮನೆಮಂದಿಯೆಲ್ಲ ಕುಡಿಯುತ್ತಾರೆ. ‘ನಿನ್ನದು ಯಾವ ಪ್ರಕೃತಿ?’ ಎಂದು ಅಜ್ಜಿ ಯಾರನ್ನೂ ಕೇಳುವುದಿಲ್ಲ.

‘ಸಮತೋಲ’ವೆಂಬ ಮಾತೂ ಅಗ್ಗವಾಗಿದೆ. ಮೂರು ದೋಷಗಳನ್ನು ತಕ್ಕಡಿಯಲ್ಲಿಟ್ಟು ಸರಿತೂಗಿಸುವುದು ಅದರ ಅರ್ಥವಲ್ಲ. ಸುಶ್ರುತನ ಪ್ರಕಾರ ದೋಷದೊಡನೆ ಅಗ್ನಿ, ಧಾತು, ಮಲವಿಸರ್ಜನೆ ಇವೂ ಸಮವಾಗಿದ್ದು ಆತ್ಮ, ಇಂದ್ರಿಯ, ಮನಸ್ಸು ಪ್ರಸನ್ನವಾಗಿದ್ದರೆ ಮಾತ್ರ ಅವನು ಸ್ವಸ್ಥ. ದಿನಂಪ್ರತಿ ‘ಮಂದ’ನೆಂದು ಕರೆಸಿಕೊಳ್ಳುವ ಮಗುವಿನ ಮನಸ್ಸು ಪ್ರಸನ್ನವಾಗಿರುವುದೆಂತು?

ಈ ದೋಷಗಳನ್ನು ಆಧುನಿಕ ವೈದ್ಯಶಾಸ್ತ್ರ ಒಪ್ಪುವುದಿಲ್ಲ. ಆ ವಿವಾದ ಇಲ್ಲಿ ಬೇಡ. ನಮ್ಮ ಭಯ ಬೇರೆಯದು. ತೂಕಡಿಸುವ, ಆಟಕ್ಕೆ ಬಾರದ, ಬೇಗ ಏದುಸಿರು ಬಿಡುವ ಮಗುವಿಗೆ ರಕ್ತಹೀನತೆ ಇರಬಹುದು. 12ರಿಂದ 14 ವರ್ಷದ ಮಕ್ಕಳಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆಯಾದರೆ ಅದು ರಕ್ತಹೀನತೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಚರಕನೂ ಪಾಂಡುರೋಗಕ್ಕೆ ಒಂದು ಪೂರ್ಣ ಅಧ್ಯಾಯವನ್ನೇ ಮೀಸಲಿಟ್ಟು ಅದನ್ನು ರೋಗವೆಂದೇ ಎಣಿಸಿದ್ದಾನೆ, ಸ್ವಭಾವವೆಂದಲ್ಲ. ಕರಿಹಲಗೆ ಕಾಣದ ಮಗುವೂ ಮಂದನಂತೆಯೇ ತೋರುತ್ತದೆ. ಅದಕ್ಕೆ ಬೇಕಾದುದು ಕನ್ನಡಕ.

ಆದುದರಿಂದ ಉಪಾಧ್ಯಾಯ ಬಂಧುಗಳೇ, ಕಫದವನೆಂದು ಹುಡುಗನನ್ನು ಕೊನೆಯ ಬೆಂಚಿಗೆ ಕಳುಹಿಸುವ ಮುನ್ನ ಅವನ ಕೆಳರೆಪ್ಪೆಯ ಒಳಭಾಗ ಬಿಳಿಚಿದೆಯೇ ನೋಡಿರಿ, ಬೆಳಗ್ಗೆ ಏನು ಉಂಡು ಬಂದನೆಂದು ಕೇಳಿರಿ, ಅವನ ತಾಯಿಗೆ ಆಸ್ಪತ್ರೆಯ ದಾರಿ ತೋರಿಸಿರಿ.